ಪುಟ್ಟರಾಜುವಿಗೆ ವಿಶ್ರಾಂತಿ ಕೊಟ್ಟದ್ದು

ನಾನು ನಮ್ಮೂರ ಕಬಡ್ಡಿ ತಂಡದಲ್ಲಿದ್ದೆ ಎಂದು ಹೇಳಿಕೊಂಡರೆ ಸುಳ್ಳಲ್ಲ. ಆಡುತ್ತಿದ್ದೆ ಎಂದರೆ ಮಾತ್ರ ಸುಳ್ಳಾಗುತ್ತದೆ. ಕಬಡ್ಡಿಯಲ್ಲಿ ಏಳು ಜನ ಅಂಕಣದ ಒಳಗೆ, ಐದು ಜನ ಹೊರಗೆ. ಹೊರಗಿರುವವರಿಗೆ ನಮ್ಮ ಕಡೆ ‘ಎಕ್ಸ್‌ಟ್ರಾ’ ಎನ್ನುತ್ತಾರೆ. ಆ ಐವರಲ್ಲೂ ನಾನು ಕಡೆಯವನು, ಎಕ್ಸ್‌ಟ್ರಾಗಳಿಗೇ ಎಕ್ಸ್‌ಟ್ರಾ. ಆಡುವವರ ಅಂಗಿ, ಚಪ್ಪಲಿ, ವಾಚುಗಳನ್ನು ಮಡಿಲಲ್ಲಿಟ್ಟುಕೊಂಡು ಗೆರೆಯ ಪಕ್ಕ ಕೂರುವುದು ನನ್ನ ಸ್ಥಾನ. ಆ ಸ್ಥಾನದಲ್ಲಿ ನಾನು ಒಮ್ಮೆಯೂ ತಪ್ಪು ಮಾಡಿದ್ದಿಲ್ಲ, ಯಾರ ವಾಚೂ ಕಳೆದಿಲ್ಲ. ಹೀಗಾಗಿ ಕ್ರಿಕೆಟ್ಟಿನವರು, ಫುಟ್‌ಬಾಲಿನವರು ದೊಡ್ಡ ಪಂದ್ಯದ ಮುಂಚೆ ಒಳ್ಳೆಯ ಆಟಗಾರರನ್ನು ಆಡಿಸಬೇಕೋ, ಕೂರಿಸಬೇಕೋ ಎಂದು ಪೇಪರಿನಲ್ಲಿ ವಾದ ಮಾಡುವುದನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ಕೂರುವುದು ಅವರಂದುಕೊಂಡಷ್ಟು ಸುಲಭದ ವಿದ್ಯೆಯಲ್ಲ. ಅದು ಕೆಲವರಿಗೆ ಹುಟ್ಟಿನಿಂದ ಬರುತ್ತದೆ, ಕೆಲವರಿಗೆ ಎಷ್ಟು ಹೇಳಿಕೊಟ್ಟರೂ ಬರುವುದಿಲ್ಲ.

ಹಾಗೆ ನೋಡಿದರೆ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಡುವ ಪದ್ಧತಿ ನಮಗೆ ಹೊಸದೇನಲ್ಲ. ಚುನಾವಣೆ ಎಂಬ ಫೈನಲ್‌ಗೆ ತಾಜಾ ಆಗಿ ಇಳಿಯಬೇಕು ಎಂದು ನಮ್ಮ ಜನಪ್ರತಿನಿಧಿಗಳು ಐದು ವರ್ಷ ಶಿಸ್ತಿನಿಂದ ವಿಶ್ರಾಂತಿ ತೆಗೆದುಕೊಳ್ಳುತ್ತಾರೆ. ಕಚೇರಿಗಳಲ್ಲಿ ಯಾವ ಗುಮಾಸ್ತರಿಂದ ಕೆಲಸ ಆಗಬೇಕೋ ಅವರ ಕುರ್ಚಿಯೇ ಖಾಲಿ ಇರುತ್ತದೆ. ಪರೀಕ್ಷೆಯ ಹಿಂದಿನ ದಿನ ಓದಿದರೆ ತಲೆ ಕಲಸಿಹೋಗುತ್ತದೆ ಎಂದು ನಂಬಿದ್ದ ನಾನು, ಯಾವುದಕ್ಕೂ ಇರಲಿ ಎಂದು ಆ ಹಿಂದಿನ ದಿನವನ್ನು ಜೂನ್ ತಿಂಗಳಿಗೇ ಶುರುಮಾಡುತ್ತಿದ್ದೆ. ಅಷ್ಟಾದರೂ ಬಿ.ಎ. ಪಾಸಾಯಿತು. ಪಾಸಾದ ಮೇಲೆ ಕೆಲಸ ಹುಡುಕುತ್ತಿದ್ದೇನೆ ಎಂದು ಮನೆಯಲ್ಲಿ ಹೇಳಿಕೊಂಡು ಊರಲ್ಲೇ ಇದ್ದೆ. ನಾನು ಈಗ ಹೇಳಹೊರಟಿರುವುದು ಆ ಕಾಲದ ಮಾತು, ತೊಂಬತ್ತರ ದಶಕದ ಮೊದಲ ಭಾಗದ್ದು.

ದೊಡ್ಡಬೆಳವಂಗಲದ ಆಚೆ ಒಂದಿಷ್ಟು ದೂರ ಹೋದರೆ ನಮ್ಮೂರು. ರಾಗಿ, ಹಿಪ್ಪುನೇರಳೆ ತೋಟ, ಮನೆಗೊಂದು ಸೀಮೆಹಸು, ಬೆಳಿಗ್ಗೆ ಸಂಜೆ ಹಾಲು ಹಾಕಲು ಡೈರಿ. ಡೈರಿ ಎಂದರೆ ಹಾಲು ಅಳೆಯುವ ಜಾಗ ಎಂದು ಪಟ್ಟಣದವರು ತಿಳಿಯುತ್ತಾರೆ. ಅಲ್ಲಿ ಹಾಲು ಅಳೆಯುವುದು ಸಣ್ಣ ಕೆಲಸ. ಕ್ಯಾನು ಕೆಳಗಿಟ್ಟು, ಕಟ್ಟೆಯ ಮೇಲೆ ಕೂತು, ಊರಿನ ಮತ್ತು ದೇಶದ ವಿಷಯಗಳನ್ನು ತೀರ್ಮಾನ ಮಾಡುವುದು ದೊಡ್ಡ ಕೆಲಸ. ನಮ್ಮ ಕಬಡ್ಡಿ ತಂಡದ ಆಯ್ಕೆ ಸಮಿತಿ, ಸಲಹಾ ಸಮಿತಿ, ಶಿಸ್ತು ಸಮಿತಿ ಎಲ್ಲವೂ ಆ ಕಟ್ಟೆಯೇ.

ತಂಡ ಎಂದರೆ ಪುಟ್ಟರಾಜು. ಮಿಕ್ಕವರು ಅವನ ಜೊತೆಗಿದ್ದವರು. ಅವನು ಎದುರು ಪಾಳಯಕ್ಕೆ ರೈಡ್ ಹೋದರೆ ಬರಿಗೈಯಲ್ಲಿ ಬಂದದ್ದನ್ನು ನಾನು ಕಂಡಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೂ ಹೊಲ, ಮನೆಯ ರೇಷ್ಮೆ ಹುಳುವಿಗೆ ಸೊಪ್ಪು, ಹಸು ಎಂದು ದುಡಿಯುವ ಮೈ. ತಂದೆ ಇಲ್ಲ, ತಾಯಿ ಮುನಿಯಮ್ಮ ಮಾತ್ರ. ಆ ವರ್ಷ ಅವನಿಗೆ ಹೊಸಕೋಟೆ ಆಚೆಯ ಜಡಿಗೇನಹಳ್ಳಿ ಕಡೆ ಹುಡುಗಿ ಗೊತ್ತಾಗಿತ್ತು. ರತ್ನ ಎಂದು ಹೆಸರು. ಹೆಣ್ಣು ನೋಡಿ ಬಂದಿದ್ದರು, ಮಾತಾಗಿತ್ತು, ಹುಡುಗಿಯ ಸೋದರಮಾವ ಚನ್ನರಾಯಪ್ಪನವರು ಒಮ್ಮೆ ಮನೆತನ ನೋಡಿಕೊಂಡು ಹೋದರೆ ಲಗ್ನ ಇಡಿಸುವುದೊಂದೇ ಬಾಕಿ. ಮುನಿಯಮ್ಮ ಆಗಲೇ ಚಪ್ಪರದ ಬಿದಿರು ಗಳು ಯಾರ ತೋಟದಿಂದ ತರಬೇಕೆಂದು ಲೆಕ್ಕ ಹಾಕುತ್ತಿದ್ದರು.

ಅದೇ ಹೊತ್ತಿಗೆ ಹೋಬಳಿ ಪಂದ್ಯಾವಳಿ ನಡೆಯುತ್ತಿತ್ತು. ಭಾನುವಾರ ಭಾನುವಾರ ಆಟ. ನಾವು ಲೀಗಿನ ಒಂದು ಪಂದ್ಯ ಬಾಕಿ ಇರುವಾಗಲೇ ಸೆಮಿಫೈನಲ್ ಸೇರಿಬಿಟ್ಟಿದ್ದೆವು. ಹಿಂದೆಂದೂ ಸೇರಿದವರಲ್ಲ. ಸೋತು ಅಭ್ಯಾಸವಿದ್ದವರಿಗೆ ಗೆಲುವು ಬಂದರೆ ಅದನ್ನು ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಉಳಿದ ಆ ಒಂದು ಪಂದ್ಯ ಗೆದ್ದರೂ ಒಂದೇ, ಸೋತರೂ ಒಂದೇ. ಆಗ ನಮ್ಮ ಡ್ರಿಲ್ ಮಾಸ್ತರು ಡೈರಿಯ ಮುಂದೆ ಸೈಕಲ್ಲಿಳಿದು, ಪೇಪರು ಬಿಚ್ಚಿ, ವಿದೇಶದಲ್ಲಿ ಹೀಗಿದ್ದಾಗ ಮುಖ್ಯ ಆಟಗಾರರನ್ನು ಕೂರಿಸುತ್ತಾರೆ ಎಂದು ಓದಿ ಹೇಳಿದರು. ಮಾಸ್ತರು ಒಳ್ಳೆಯವರು. ಅವರ ಒಂದೇ ದೌರ್ಬಲ್ಯವೆಂದರೆ ಪೇಪರಿನಲ್ಲಿ ಓದಿದ್ದನ್ನು ಸಂಜೆಯೊಳಗೆ ಜಾರಿಗೆ ತರದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

“ರೇಷ್ಮೆ ಹುಳಾನೇ ನೋಡ್ರಪ್ಪ,” ಎಂದರು ಮಾಸ್ತರು. “ಮಧ್ಯೆ ಮಧ್ಯೆ ಸೊಪ್ಪು ಬಿಟ್ಟು, ತಲೆ ಎತ್ಕೊಂಡು ಅಲ್ಲಾಡ್ದೆ ಕೂರುತ್ತೆ. ಆಮೇಲೆ ಎದ್ದು ಹೆಂಗೆ ತಿನ್ನುತ್ತೆ? ಹಂಗೆ ನಮ್ ಪುಟ್ರಾಜನೂ.”

ಹಾಲು ಅಳೆಯುವ ಪಿಳ್ಳಪ್ಪನಿಗೆ ಇದು ಹಿಡಿಸಲಿಲ್ಲ. “ಅದು ಹುಳ, ಇವ್ನು ಮನ್ಸ ಕಣ್ರೀ ಮೇಷ್ಟ್ರೇ. ಓಡ್ತಿರೋ ಪಂಪ್‌ಸೆಟ್ ನಿಲ್ಸಿ ನೋಡಿ. ಮತ್ತೆ ನೀರ್ ಹುಯ್ದು, ಪೂಜೆ ಮಾಡಿ, ಬೈದು, ಅಷ್ಟೊತ್ತಿಗೆ ಕರೆಂಟೇ ಹೋಗಿರ್ತೈತೆ,” ಎಂದ.

ಊರು ಎರಡು ಭಾಗವಾಯಿತು. ಹುಳುವಿನ ಪಕ್ಷ ಒಂದು, ಪಂಪ್‌ಸೆಟ್ಟಿನ ಪಕ್ಷ ಒಂದು. ನನ್ನ ಅಭಿಪ್ರಾಯ ಕೇಳಿದರು. ನಾನು ಬಿ.ಎ. ಓದಿದವನಾದ್ದರಿಂದ ಎರಡು ಕಡೆಯೂ ನ್ಯಾಯವಿದೆ ಎಂದೆ. ಕೊನೆಗೆ ಹುಳು ಗೆದ್ದಿತು. ಅದಕ್ಕೆ ಕಾರಣ ವಾದದ ಬಲವಲ್ಲ. ಮಾಸ್ತರ ಬಳಿ ಪೇಪರಿತ್ತು, ಪಿಳ್ಳಪ್ಪನ ಬಳಿ ಇರಲಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಒಂದು ಭಾನುವಾರ ಪುಟ್ಟರಾಜು ನನ್ನ ಪಕ್ಕ ಕೂರುತ್ತಿದ್ದ, ಅಷ್ಟೆ. ಆದರೆ ಮಾಸ್ತರಿಗೆ ಒಂದು ಸಂದೇಹ ಬಂತು. ಆಟಕ್ಕೆ ವಿಶ್ರಾಂತಿ ಕೊಟ್ಟು, ವಾರವಿಡೀ ಅವನು ಸೊಪ್ಪಿನ ಹೊರೆ ಹೊತ್ತರೆ ಏನು ಬಂತು? ಕಬಡ್ಡಿ ಅವನಿಗೆ ದಣಿವಲ್ಲ, ಅವನ ದಣಿವೆಲ್ಲ ಮಿಕ್ಕ ದಿನಗಳಲ್ಲಿದೆ. ಆದ್ದರಿಂದ ಸೋಮವಾರದಿಂದಲೇ ಸಂಪೂರ್ಣ ವಿಶ್ರಾಂತಿ ಎಂದು ಆಜ್ಞೆಯಾಯಿತು. ಹೊಲಕ್ಕೆ ಹೋಗಬಾರದು, ಹೊರೆ ಹೊರಬಾರದು, ಹಸುವಿನ ಕೆಚ್ಚಲು ಮುಟ್ಟಬಾರದು, ಸೈಕಲ್ ತುಳಿಯಬಾರದು. ಇನ್ನೂ ಒಂದು. ಕಬಡ್ಡಿಗೆ ಮುಖ್ಯ ದಮ್ಮು, ಮಾತಾಡಿದರೆ ದಮ್ಮು ವ್ಯರ್ಥವಾಗುತ್ತದೆ, ಆದ್ದರಿಂದ ಮಾತೂ ಕಡಿಮೆ. ಹೌದು ಎನ್ನಲು ತಲೆ ಹೀಗೆ, ಅಲ್ಲ ಎನ್ನಲು ತಲೆ ಹಾಗೆ. ಪುಟ್ಟರಾಜು ಗುರುವಿನ ಮಾತು ಮೀರುವವನಲ್ಲ. ಮನೆಯ ಜಗುಲಿಯ ಮೇಲೆ ಕಂಬಳಿ ಹಾಸಿ, ಮೈಗೆ ಗಾಳಿ ಸೋಕದ ಹಾಗೆ ಶಾಲು ಹೊದಿಸಿ, ಅವನನ್ನು ಕೂರಿಸಲಾಯಿತು.

ಈಗ ಒಂದು ಪ್ರಶ್ನೆ. ಅವನು ಕೂತರೆ ಅವನ ಕೆಲಸ ಕೂರುತ್ತದೆಯೇ? ಹುಳು ಹೊಟ್ಟೆ ಹಸಿದು ಕಾಯುತ್ತದೆಯೇ? ಅದಕ್ಕೂ ಮಾಸ್ತರು ವ್ಯವಸ್ಥೆ ಮಾಡಿದರು. ತಂಡದ ಮಿಕ್ಕವರು ಸರದಿಯಲ್ಲಿ ಅವನ ಕೆಲಸ ಮಾಡುವುದು. ಲೋಕದಲ್ಲಿ ವಿಶ್ರಾಂತಿ ಎಂಬುದು ಎಲ್ಲಿಂದಲೋ ಉದುರುವುದಿಲ್ಲ, ಒಬ್ಬನ ವಿಶ್ರಾಂತಿ ಇನ್ನೊಬ್ಬನ ಬೆನ್ನಿನಿಂದಲೇ ಬರುತ್ತದೆ ಎಂಬ ಸತ್ಯ ನನಗೆ ಆ ವಾರ ಸೊಂಟದ ಮೂಲಕ ತಿಳಿಯಿತು. ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ದೂರದಿಂದ ನೋಡಿದರೆ ಹಗುರ. ತಲೆಯ ಮೇಲೆ ಬಂದರೆ ಕುತ್ತಿಗೆ ಭುಜದೊಳಗೆ ಇಳಿಯುತ್ತದೆ. ಸೀಮೆಹಸುವಿಗಂತೂ ಪುಟ್ಟರಾಜುವಿನ ಕೈ ಬಿಟ್ಟರೆ ಬೇರೆ ಕೈ ಆಗದು. ನಾನು ಚೊಂಬು ಹಿಡಿದು ಕೂತೆ. ಅದು ಹಿಂತಿರುಗಿ ನನ್ನ ಮುಖ ನೋಡಿತು, ಯೋಚಿಸಿತು, ಒದೆಯಿತು. ಜಗುಲಿಯ ಮೇಲೆ ಪುಟ್ಟರಾಜು ಶಾಲಿನೊಳಗೇ ಕೈಬೆರಳು ಆಡಿಸುತ್ತ, “ಹಂಗಲ್ಲ ಕಣೋ” ಎನ್ನಲು ಬಾಯಿ ತೆರೆದು, ದಮ್ಮಿನ ನೆನಪಾಗಿ ಮುಚ್ಚಿಕೊಂಡ.

ಊರಿನ ಹೆಂಗಸರು ಕೈಕಟ್ಟಿ ಕೂರಲಿಲ್ಲ. ಹಗಲು ಹೊತ್ತಿನಲ್ಲಿ ಶಾಲು ಹೊದ್ದು ಕೂತವನನ್ನು ನೋಡಲು ಬರಿಗೈಯಲ್ಲಿ ಹೋಗಬಾರದು ಎಂಬುದು ನಮ್ಮ ಕಡೆಯ ರಿವಾಜು. ಅವನು ಏಕೆ ಕೂತಿದ್ದಾನೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಆದರೂ ಶಾಲು ಶಾಲೇ ಅಲ್ಲವೇ. ಒಬ್ಬರು ಮೂಸಂಬಿ ತಂದರು, ಒಬ್ಬರು ಎಳನೀರು. ದೊಡ್ಡಬಳ್ಳಾಪುರಕ್ಕೆ ಹೋಗಿದ್ದ ಯಾರೋ ಬ್ರೆಡ್ಡು ತಂದಿಟ್ಟರು. ಆಗ ನಮ್ಮೂರಲ್ಲಿ ಬ್ರೆಡ್ಡು ತಿಂಡಿಯಾಗಿರಲಿಲ್ಲ, ಔಷಧಿಯಾಗಿತ್ತು. ಜ್ವರ ಬಂದವರು ಬಿಟ್ಟರೆ ಬೇರೆಯವರು ಮುಟ್ಟುತ್ತಿರಲಿಲ್ಲ.

ಚನ್ನರಾಯಪ್ಪನವರು ಹೇಳದೆ ಕೇಳದೆ ಬಂದದ್ದು ಇಂಥ ಹೊತ್ತಿಗೆ. ಮನೆತನ ನೋಡಲು ಬರುವವರು ಹೇಳಿ ಬರುವುದಿಲ್ಲ, ಹೇಳಿ ಬಂದರೆ ಮನೆತನ ಕಾಣುವುದಿಲ್ಲ. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ ಎಂದು ಬಸ್ಸು ಬದಲಿಸಿ ಬದಲಿಸಿ ಬಂದ ಮನುಷ್ಯ ಅಂಗಳದಲ್ಲಿ ನಿಂತು ಕಂಡದ್ದೇನು? ಗಂಡು ಜಗುಲಿಯ ಮೇಲೆ ಶಾಲು ಹೊದ್ದು ಕೂತಿದೆ. ಪಕ್ಕದಲ್ಲಿ ಮೂಸಂಬಿ, ಬ್ರೆಡ್ಡು. ಅವನ ಸೊಪ್ಪು ಊರವರು ಹೊತ್ತು ತರುತ್ತಿದ್ದಾರೆ. ಅವನ ಹಸುವನ್ನು ಯಾರೋ ಒಬ್ಬ ಬಡಕಲು ಮನುಷ್ಯ ಕರೆಯಲು ಹೋಗಿ ಒದೆಸಿಕೊಳ್ಳುತ್ತಿದ್ದಾನೆ. “ಹೆಂಗಿದೀಯಪ್ಪ?” ಎಂದರೆ ಗಂಡು ತಲೆಯಾಡಿಸುತ್ತದೆ, ಬಾಯಿ ಬಿಡುವುದಿಲ್ಲ.

“ಏನಾಗೈತಕ್ಕ ಹುಡುಗಂಗೆ?” ಎಂದು ಚನ್ನರಾಯಪ್ಪನವರು ತಗ್ಗಿದ ದನಿಯಲ್ಲಿ ಮುನಿಯಮ್ಮನನ್ನು ಕೇಳಿದರು.

“ಏನೂ ಇಲ್ಲ ಕಣಣ್ಣ. ಸುಮ್ನೆ ಕೂರ್ಸಿದೀವಿ.”

“ಏನೂ ಇಲ್ದಿದ್ರೆ ಯಾಕ್ ಕೂರ್ಸಿದೀರ?”

“ಆಟಕ್ಕೆ ಅಂತ.”

“ಓ. ಹಂಗಾದ್ರೆ ಈ ಭಾನುವಾರ ಆಡ್ತಾನಾ?”

“ಇಲ್ಲಣ್ಣ, ಭಾನುವಾರಾನೂ ಕೂರ್ತಾನೆ.”

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಹೇಳಿದ್ದಾರೆ. ನಾವು ನಿಜವನ್ನೇ ಹೇಳಿ ಗೊತ್ತಾದ ಮದುವೆ ಕೆಡಿಸಲು ಹೊರಟಿದ್ದೆವು. ಚನ್ನರಾಯಪ್ಪನವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಭಾನುವಾರ ಹೆಣ್ಣಿನ ಕಡೆಯವರನ್ನು ಕರೆದುಕೊಂಡು ಮೈದಾನಕ್ಕೇ ಬರುತ್ತೇವೆ, ಹುಡುಗ ಎದ್ದು ಓಡಾಡುವುದನ್ನು ಕಣ್ಣಾರೆ ನೋಡಿದರೆ ಮಾತು ಮುಂದಕ್ಕೆ, ಇಲ್ಲದಿದ್ದರೆ ನಮ್ಮನ್ನು ಮರೆತುಬಿಡಿ ಎಂದು ಹೇಳಿ ಹೋದರು. ಮುನಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನೇರ ಮಾಸ್ತರ ಬಳಿಗೆ ಬಂದರು. “ಒಂದೇ ಒಂದ್ ಸುತ್ತು ಬಿಡಿ ಮೇಷ್ಟ್ರೇ. ಹೋಗಿ ಬಂದು ಕೂತ್ಕೊಳ್ಲಿ,” ಎಂದು ಬೇಡಿಕೊಂಡರು. ಮಾಸ್ತರು ಮೆತ್ತಗಾಗಲಿಲ್ಲ. ಒಂದು ವಾರ ತಡೆದರೆ ಸೆಮಿಫೈನಲ್ಲಿನಲ್ಲಿ ಹುಲಿಯ ಹಾಗೆ ಆಡುವುದನ್ನೇ ನೋಡಬಹುದಲ್ಲ ಎಂದರು. ತತ್ವ ಹಿಡಿದವರ ಜೊತೆ ಮಾತಾಡುವುದು ಕಷ್ಟ. ಅವರಿಗೆ ಮದುವೆ ಒಂದು ಸಣ್ಣ ಲೀಗ್ ಪಂದ್ಯದಂತೆ ಕಾಣುತ್ತದೆ.

ಭಾನುವಾರ ಬಂತು. ಮಾಸ್ತರು ಪುಟ್ಟರಾಜುವಿನ ಜೊತೆಗೆ ಇನ್ನಿಬ್ಬರನ್ನೂ ಕೂರಿಸಿದರು. ಮೂರು ಜಾಗ ಖಾಲಿಯಾದವು, ನನ್ನನ್ನು ಬಿಟ್ಟು ಮಿಕ್ಕ ನಾಲ್ಕು ಎಕ್ಸ್‌ಟ್ರಾಗಳಲ್ಲಿ ಮೂವರು ಒಳಗೆ ಹೋದರು, ನನ್ನ ಸ್ಥಾನಕ್ಕೆ ಆಗಲೂ ಯಾವ ಅಪಾಯವೂ ಬರಲಿಲ್ಲ. ನನ್ನ ಎಡಕ್ಕೆ ಶಾಲು ಹೊದ್ದ ಪುಟ್ಟರಾಜು. ಮೈದಾನದ ಆಚೆ ಹೊಂಗೆ ಮರದ ನೆರಳಿನಲ್ಲಿ ಹೆಣ್ಣಿನ ಕಡೆಯ ಹೆಂಗಸರು, ಅವರ ನಡುವೆ ರತ್ನ. ಚನ್ನರಾಯಪ್ಪನವರು ಮಾತ್ರ ನಮ್ಮ ಹಿಂದೆಯೇ ಬಂದು ನಿಂತರು, ದನದ ಪರಿಷೆಯಲ್ಲಿ ಹಲ್ಲು ನೋಡುವವರ ಹಾಗೆ.

ವಾರವಿಡೀ ಪುಟ್ಟರಾಜುವಿನ ಕೆಲಸ ಮಾಡಿ ಸುಸ್ತಾಗಿದ್ದ ನಮ್ಮವರು, ಅದುವರೆಗೆ ಯಾರನ್ನೂ ಸೋಲಿಸದ ತಂಡದ ಕೈಲಿ ಸೋಲತೊಡಗಿದರು. ಪಕ್ಕದಲ್ಲಿ ಪುಟ್ಟರಾಜು ಕೊಡುತ್ತಿದ್ದ ಹಿಂಸೆ ಅಷ್ಟಿಷ್ಟಲ್ಲ. ನಮ್ಮವನು ರೈಡ್ ಹೋದರೆ ಇವನು ಶಾಲಿನೊಳಗೇ ಕಬಡ್ಡಿ ಕಬಡ್ಡಿ ಎನ್ನುತ್ತಿದ್ದ. ಯಾರನ್ನಾದರೂ ಹಿಡಿದರೆ ನನ್ನ ತೊಡೆ ಹಿಡಿಯುತ್ತಿದ್ದ. ಕೂತಲ್ಲೇ ಸುತ್ತಲಿನ ಗರಿಕೆಯನ್ನೆಲ್ಲ ಕಿತ್ತು ಹಾಕಿದ. ನೀರು ಕೊಡುವ ನೆಪದಲ್ಲಿ ಬಿಂದಿಗೆ ಎತ್ತಲು ಎದ್ದ, ಮಾಸ್ತರು ಭುಜ ಒತ್ತಿ ಕೂರಿಸಿದರು. ಮತ್ತೆ ಎದ್ದ, ಮತ್ತೆ ಕೂರಿಸಿದರು. ನನಗೆ ಸಿಟ್ಟೇ ಬಂತು. ಕೂರಲು ಇಷ್ಟು ಕಷ್ಟಪಡುವವನನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಚೆನ್ನಾಗ್ ಆಡೋನು ಅಂತೀರಿ, ಕೂರ್ಸಿದೀರಿ,” ಎಂದರು ಚನ್ನರಾಯಪ್ಪನವರು ಹಿಂದಿನಿಂದ. “ನಮ್ ಕಡೆ ಚೆನ್ನಾಗಿರೋ ಎತ್ತು ಹೂಡ್ತೀವಿ, ಆಗ್ದಿರೋದನ್ನ ಕಟ್ಟಾಕ್ತೀವಿ. ನಿಮ್ದೇನ್ ಸ್ವಾಮಿ, ಎಲ್ಲಾ ಉಲ್ಟಾ?”

ಮಾಸ್ತರು ವಿದೇಶದ ವಿಷಯ ಶುರುಮಾಡಿದರು. ಚನ್ನರಾಯಪ್ಪನವರು ವಾಚು ನೋಡಿಕೊಂಡು, ಹೊಸಕೋಟೆ ಬಸ್ಸು ತಪ್ಪಿಹೋಗುತ್ತದೆ ಎಂದು ಹೊಂಗೆ ಮರದ ಕಡೆಗೆ ಕೈಸನ್ನೆ ಮಾಡಿದರು. ಹೆಂಗಸರು ಎದ್ದು ಸೀರೆ ಕೊಡವಿಕೊಂಡರು. ರತ್ನ ಎಲ್ಲರಿಗಿಂತ ನಿಧಾನವಾಗಿ ಎದ್ದದ್ದು ನನಗೆ ಕಂಡಿತು. ಮುನಿಯಮ್ಮ ಅಲ್ಲೇ ಕುಸಿದು ಕೂತರು.

ಪುಟ್ಟರಾಜು ಶಾಲು ಕಿತ್ತು ನನ್ನ ಮುಖದ ಮೇಲೆಸೆದು ಎದ್ದ. ಅಂಪೈರ್ ಬಳಿಗೆ ತಾನೇ ಹೋಗಿ ಬದಲಿ ಕೇಳಿದ. ಮಾಸ್ತರು ಕೂಗುತ್ತಲೇ ಇದ್ದರು, ಅವನು ಗೆರೆ ದಾಟಿ ಆಗಿತ್ತು. ಒಂದು ವಾರ ಕೂಡಿಟ್ಟ ದಮ್ಮು ಅದು, ಮೈದಾನವೆಲ್ಲ ಕೇಳಿಸಿತು. ಮೂಲೆಯವನನ್ನು ಮುಟ್ಟಿದ, ಅವನ ಪಕ್ಕದವನನ್ನು ಕಾಲಿನಿಂದ ತಟ್ಟಿದ, ತಿರುಗಿ ನಡುಗೆರೆಗೆ ಹಾರಿದ. ದಮ್ಮು ಸರಿಯಿತ್ತು, ಕಾಲು ಮಾತ್ರ ಇನ್ನೂ ಜಗುಲಿಯ ಮೇಲೇ ಇತ್ತು. ಮರಗಟ್ಟಿದ್ದ ಮಂಡಿ ತಿರುಚಿಕೊಂಡು, ಪುಟ್ಟರಾಜು ಕೈ ಚಾಚಿ ಗೆರೆ ಮುಟ್ಟಿದವನು ಅಲ್ಲಿಂದ ಏಳಲಿಲ್ಲ.

ಎಲ್ಲರಿಗಿಂತ ಮೊದಲು ಓಡಿದವರು ಚನ್ನರಾಯಪ್ಪನವರು. ಮಂಡಿ ಒತ್ತಿ ನೋಡಿದರು, ಮೀನಖಂಡ ಹಿಡಿದು ನೋಡಿದರು. ಪುಟ್ಟರಾಜು “ಅಯ್ಯಯ್ಯಪ್ಪಾ, ಬಿಡ್ರೀ” ಎಂದು ಅರಚಿದ. ಚನ್ನರಾಯಪ್ಪನವರ ಮುಖ ಅರಳಿತು.

“ಮಾತ್ ಬರ್ತೈತೆ!” ಎಂದರು ಮುನಿಯಮ್ಮನ ಕಡೆ ತಿರುಗಿ. “ಒಳ್ಳೆ ಗಟ್ಟಿ ಕಾಲು ಕಣಕ್ಕ. ಇದು ಈಗ ಉಳುಕಿರೋದು, ಹಳೇದೇನೂ ಇಲ್ಲ. ಕಣ್ಣಾರೆ ನೋಡ್ದೆ. ಕಾಲ್ ಮುರಿದ್ರೆ ಕಟ್ಟಿಸ್ಬೋದು, ಸುಮ್ಸುಮ್ನೆ ಕೂತಿದ್ರೇನೇ ಭಯ ನೋಡಿ. ಲಗ್ನ ಇಡ್ಸಿ.”

ಪುಟ್ಟರಾಜುವನ್ನು ಎತ್ತಿಕೊಂಡು ಹೋಗುವಾಗ ಅವನು ನಗುತ್ತಿದ್ದ. ಮುಂದಿನ ಭಾನುವಾರದ ಸೆಮಿಫೈನಲ್ಲಿನಲ್ಲಿ ನಾವು ಸೋತ ರೀತಿಯನ್ನು ವರ್ಣಿಸುವುದು ಬೇಡ. ಮಾರನೆಯ ದಿನ ಡೈರಿಯ ಕಟ್ಟೆಯ ಮೇಲೆ ಮಾಸ್ತರು ಹೇಳಿದರು, ಕೂತೇ ಇದ್ದಿದ್ದರೆ ಮಂಡಿ ಉಳುಕುತ್ತಿರಲಿಲ್ಲ. ಪಿಳ್ಳಪ್ಪ ಹೇಳಿದ, ಕೂರಿಸದೇ ಇದ್ದಿದ್ದರೆ ಮಂಡಿ ಉಳುಕುತ್ತಿರಲಿಲ್ಲ. ಒಂದೇ ಮಂಡಿ ಎರಡು ಸಿದ್ಧಾಂತವನ್ನೂ ಸಾಬೀತು ಮಾಡಿತ್ತು. ಆ ಚರ್ಚೆ ಇನ್ನೂ ಮುಗಿದಿಲ್ಲ ಎಂದು ಕೇಳಿದ್ದೇನೆ, ವಾದಿಗಳು ಮಾತ್ರ ಬದಲಾಗಿದ್ದಾರೆ.

ಮದುವೆ ಚೆನ್ನಾಗಿಯೇ ಆಯಿತು. ಗಂಡು ಹಸೆಮಣೆಗೆ ಸ್ವಲ್ಪ ಕುಂಟುತ್ತ ಬಂತು. ಹೆಣ್ಣಿನ ಕಡೆಯವರು ಬಂದವರಿಗೆಲ್ಲ “ಕಬಡ್ಡೀಲಿ ಆಗಿದ್ದು” ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಆಮೇಲೆ ಕೆಲವು ತಿಂಗಳಿಗೆ ನಾನೊಂದು ಸಂಜೆ ಅವರ ಮನೆಗೆ ಹೋಗಿದ್ದೆ. ಪುಟ್ಟರಾಜು ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಹುಳು ಬಿಡುತ್ತಿದ್ದ, ರತ್ನ ಕಾಫಿ ತಂದುಕೊಟ್ಟಳು. ಮಾತು ಆ ಭಾನುವಾರಕ್ಕೆ ಬಂತು. ಪುಟ್ಟರಾಜು ತನ್ನ ಅವತ್ತಿನ ರೈಡನ್ನು ಕೈ ಬೀಸಿ ವರ್ಣಿಸಿ, “ಅವತ್ತು ನಾನ್ ಎದ್ದು ಹೋಗ್ದಿದ್ರೆ ಇವ್ಳು ನಂಗೆ ಎಲ್ಲಿ ಸಿಗ್ತಿದ್ಲು?” ಎಂದ.

“ಅದೆಲ್ಲಾ ಏನಿಲ್ಲಣ್ಣ,” ಎಂದಳು ರತ್ನ ನನ್ನ ಕಡೆ ನೋಡಿ. “ನಮ್ಮ ಕಡೆ ಕೂತ್ರೆ ಮನೆಗೆ ಬೆಂಕಿ ಬಿದ್ರೂ ಏಳ್ದೋರನ್ನ ಬೇಕಾದಷ್ಟು ನೋಡಿದೀನಿ. ಅಂಥೋರು ಸಿಗ್ಬಾರ್ದು ಅಂತ ಒಂದೇ ಇತ್ತು ನಂಗೆ. ಇವ್ರು ಕೂರೋಕಾಗ್ದೆ ಹುಲ್ಲು ಕೀಳ್ತಿದ್ರಲ್ಲ, ಬಿಂದಿಗೆ ಎತ್ತೋಕೆ ಏಳ್ತಿದ್ರಲ್ಲ, ಆಗ್ಲೇ ಮನ್ಸಲ್ಲಿ ಹೂಂ ಅಂದ್ಬಿಟ್ಟಿದ್ದೆ. ಆಟಕ್ಕೆ ಇಳಿಯೋಕ್ ಮುಂಚೇನೇ.”

ಪುಟ್ಟರಾಜುವಿನ ಕೈಯಲ್ಲಿದ್ದ ಹುಳು ಕೈಯಲ್ಲೇ ಉಳಿಯಿತು. “ಮತ್ತೆ ನಿಮ್ಮ ಮಾವ ಹೊರಟ್ಬಿಟ್ರಲ್ಲ! ಆಗ್ಲೇ ಹೇಳ್ಬಾರ್ದಿತ್ತಾ? ನನ್ ಮಂಡಿನಾದ್ರೂ ಉಳೀತಿತ್ತು.”

“ನಿಮ್ಮೂರಲ್ಲಿ ಮೇಷ್ಟ್ರನ್ನ ಕೇಳಿದ್ರಿ, ಹಾಲು ಅಳೆಯೋರ್ನ ಕೇಳಿದ್ರಿ. ನಮ್ಮ ಮಾವ ನಿಮ್ ಕಾಲನ್ನೂ ಹಿಚುಕಿ ಕೇಳಿದ್ರು,” ಎಂದಳು ರತ್ನ, ನನ್ನ ಲೋಟ ತೆಗೆದುಕೊಳ್ಳುತ್ತ. “ಮದ್ವೆ ಆಗೋಳು ನಾನು. ನನ್ನ ಯಾರ್ ಕೇಳಿದ್ರು?”

ನಾನು ಬಿ.ಎ. ಓದಿದವನು, ಎರಡು ಕಡೆಯೂ ನ್ಯಾಯವಿದೆ ಎನ್ನಲು ಬಾಯಿ ತೆರೆದೆ. ಇನ್ನೊಂದು ಕಡೆ ಯಾವುದೆಂದು ಹೊಳೆಯಲಿಲ್ಲ. ಊರಿಗೆ ಊರೇ ಒಂದು ವಾರ ಕಟ್ಟೆಯ ಮೇಲೆ ಕೂತು ಗುದ್ದಾಡಿತ್ತು, ಒಬ್ಬನ ಮಂಡಿ ಹೋಗಿತ್ತು, ಒಂದು ಸೆಮಿಫೈನಲ್ ಹೋಗಿತ್ತು. ತೀರ್ಮಾನ ಮಾತ್ರ ಮೊದಲೇ ಹೊಂಗೆ ಮರದ ಕೆಳಗೆ ಆಗಿಹೋಗಿತ್ತು.